ಎತ್ತಿಟ್ಟ ಸಿಂಗಲ್ ಮಾಲ್ಟ್ ಬಾಟಲಿಯನ್ನು ತೆರೆಯುವ ಬಗೆ

ನಮ್ಮಪ್ಪ 18 ವರ್ಷದ ಒಂದು ಸ್ಕಾಚ್ ಸಿಂಗಲ್ ಮಾಲ್ಟ್ ಬಾಟಲಿಯನ್ನು, ಅಂದರೆ ಸ್ಕಾಟ್ಲೆಂಡಿನ ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿಯನ್ನು, ಬೀರುವಿನಲ್ಲಿ ಎತ್ತಿಟ್ಟಿದ್ದರು. ಒಳ್ಳೆ ದಿನ ನೋಡಿ ಇಬ್ಬರೂ ಕೂತು ತೆರೆಯೋಣ ಅಂತಿದ್ದರು. ಆ ದಿನ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಕೊನೆಗೆ ನಾನೊಬ್ಬನೇ ತೆರೆದೆ. ನಿಮ್ಮ ಹತ್ತಿರವೂ ಅಂಥದೊಂದು ಬಾಟಲಿ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ವಿಸ್ಕಿಗೆ ವಯಸ್ಸಾಗುವುದು ಓಕ್ ಮರದ ಪೀಪಾಯಿಯಲ್ಲಿ ಮಾತ್ರ. ಬಾಟಲಿಗೆ ಇಳಿದ ದಿನ ಅದರ ವಯಸ್ಸು ನಿಂತುಹೋಗುತ್ತದೆ. ಅಪ್ಪನ ಬಾಟಲಿ ಬೀರುವಿನಲ್ಲಿ 12 ವರ್ಷ ಇತ್ತು, ಆದರೂ ಅದು 18ರದ್ದೇ, 30ರದ್ದಲ್ಲ. ಇನ್ನಷ್ಟು ಇಟ್ಟರೆ ಇನ್ನಷ್ಟು ರುಚಿ ಬರುತ್ತೆ ಅಂತ ಕಾಯಬೇಡಿ. ಯಾರ ಜೊತೆ ಕುಡಿಯಬೇಕು ಅಂತ ಮನಸ್ಸಲ್ಲಿದೆಯೋ ಅವರು ಎದುರಿಗೆ ಇರುವಾಗಲೇ ತೆರೆಯಿರಿ.

ಕಾರ್ಕ್ ವಿಷಯದಲ್ಲಿ ಜೋಪಾನ. ವಿಸ್ಕಿ ಬಾಟಲಿಯನ್ನು ಯಾವಾಗಲೂ ನಿಲ್ಲಿಸಿಡಬೇಕು, ಮಲಗಿಸಿದರೆ ಒಳಗಿನ ಆಲ್ಕೋಹಾಲ್ ಕಾರ್ಕನ್ನು ತಿಂದುಹಾಕುತ್ತದೆ. ಅಪ್ಪ ಮಲಗಿಸಿಯೇ ಇಟ್ಟಿದ್ದರು. ನಾನು ಅವಸರದಲ್ಲಿ ತಿರುಗಿಸಿದೆ, ಅರ್ಧ ಕೈಗೆ ಬಂತು, ಇನ್ನರ್ಧ ಒಳಗೆ ಪುಡಿಯಾಗಿ ಬಿತ್ತು, ಎದೆ ಧಸಕ್ಕೆಂದಿತು. ಹೆದರುವಂಥದ್ದೇನಿಲ್ಲ. ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಒಣಗಿದ ಶುಚಿ ಗಾಜಿನ ಬಾಟಲಿಗೆ ತುಂಬಿದರೆ ಆಯಿತು. ಹಳೇ ಕಾರ್ಕನ್ನು ಮೇಲಕ್ಕೆ ಎಳೆಯಬೇಡಿ. ಒಂದು ಕೈಯಲ್ಲಿ ಕಾರ್ಕ್ ಹಿಡಿದು ಬಾಟಲಿಯನ್ನೇ ನಿಧಾನಕ್ಕೆ ತಿರುಗಿಸುತ್ತಾ ಬಿಡಿಸಿ. ಬೇರೆ ಬಾಟಲಿಯ ಒಳ್ಳೆ ಕಾರ್ಕ್ ಒಂದು ಪಕ್ಕದಲ್ಲಿರಲಿ.

ಗ್ಲಾಸು ಕೆಳಗೆ ಅಗಲ, ಬಾಯಿ ಕಿರಿದು ಇರಲಿ. ಗ್ಲೆನ್‌ಕೇರ್ನ್ ಅನ್ನುವ ಗ್ಲಾಸು ಇದಕ್ಕೆಂದೇ ಮಾಡಿದ್ದು. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸೂ ನಡೆಯುತ್ತೆ. 25–30 ಮಿಲಿ ಸಾಕು. ಐಸ್ ಬೇಡ, ತಣ್ಣಗಾದರೆ ವಾಸನೆ ಮೇಲೇಳುವುದಿಲ್ಲ. ಸೋಡಾ ಅಂತೂ ಬೇಡವೇ ಬೇಡ. ಸುಗಂಧ ಪೂಸಿಕೊಂಡು, ಇಲ್ಲವೇ ಖಾರದ ಊಟ ಮುಗಿಸಿ ಕೂರಬೇಡಿ.

ಸುರಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಮೊದಲ ಘಾಟು ಹೋಗಲಿ. ಆಮೇಲೆ ಮೂಗನ್ನು ಗ್ಲಾಸಿನೊಳಗೆ ತೂರಿಸದೆ, ಅಂಚಿನಿಂದ ಸ್ವಲ್ಪ ದೂರ ಹಿಡಿದು, ಬಾಯಿ ತುಸು ತೆರೆದುಕೊಂಡು ಮೆಲ್ಲಗೆ ವಾಸನೆ ಎಳೆಯಿರಿ. ಮೊದಲು ಬೋರ್ಬನ್ (ಅಮೆರಿಕದ ಜೋಳದ ವಿಸ್ಕಿ) ತುಂಬಿಟ್ಟಿದ್ದ ಪೀಪಾಯಿಯಾದರೆ ವೆನಿಲ್ಲಾ, ಜೇನು ಸಿಗಬಹುದು. ಶೆರ್ರಿ ಅನ್ನುವ ಸ್ಪೇನಿನ ವೈನ್ ಇದ್ದ ಪೀಪಾಯಿಯಾದರೆ ಒಣದ್ರಾಕ್ಷಿ. ಹೊಗೆ ಬಂದರೆ ಬಾರ್ಲಿಯನ್ನು ಪೀಟ್ (ಜೌಗಿನಲ್ಲಿ ಗಿಡಗಳು ಕೊಳೆತು ಆದ, ಉರಿಯುವ ಮಣ್ಣು) ಹೊಗೆಯಲ್ಲಿ ಒಣಗಿಸಿದ್ದಾರೆ ಅಂತ ಅರ್ಥ. ಹಳೆಯದಾದಷ್ಟೂ ಆ ಹೊಗೆ ಮೆತ್ತಗಾಗುತ್ತದೆ. ಯಾವುದೂ ಗುರುತು ಹತ್ತದಿದ್ದರೆ ಚಿಂತೆ ಬೇಡ. ನನಗೆ ಆವತ್ತು ಮೊದಲು ಸಿಕ್ಕಿದ್ದು ಅಪ್ಪನ ಬೀರುವಿನ ಬಾಗಿಲು ತೆಗೆದಾಗ ಬರುತ್ತಿದ್ದ ಹಳೇ ಮರದ ವಾಸನೆ, ಅದನ್ನೇ ಬರೆದಿಟ್ಟುಕೊಂಡೆ. ನೀವೂ ಬರೆಯಿರಿ, ಯಾರೋ ಕೊಟ್ಟ ಪದಗಳಲ್ಲಿ ಅಲ್ಲ, ನಿಮಗೆ ನೆನಪಾದ ಹಾಗೆ.

ಮೊದಲ ಗುಟುಕು ತೀರಾ ಸಣ್ಣದಿರಲಿ, ಬಾಯಿ ಒಗ್ಗಿಕೊಳ್ಳಲು ಅಷ್ಟೇ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಸೆಕೆಂಡ್ ಹೊರಳಾಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ತುಂಬಾ ವರ್ಷ ಮರದಲ್ಲಿದ್ದ ವಿಸ್ಕಿಯಲ್ಲಿ ಒಂದು ಒಗರು ಇರುತ್ತದೆ, ಅದು ಓಕ್‌ನಿಂದ ಬಂದದ್ದು, ಕೆಟ್ಟಿದೆ ಅಂದುಕೊಳ್ಳಬೇಡಿ.

ಈಗ ನೀರು. ನೀರು ಹಾಕಿದರೆ ವಿಸ್ಕಿಗೆ ಅವಮಾನ ಅನ್ನುವವರ ಮಾತು ಕೇಳಬೇಡಿ. ಗುವಾಯಕೋಲ್ ಅನ್ನುವ ಹೊಗೆವಾಸನೆಯ ಕಣಗಳು, ನೀರು ಬೆರೆತಾಗ ಮೇಲ್ಮೈಗೆ ಹೆಚ್ಚು ಬರುತ್ತವೆ ಅಂತ 2017ರಲ್ಲಿ ಸ್ವೀಡನ್‌ನ ಇಬ್ಬರು ಸಂಶೋಧಕರು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದ್ದಾರೆ. ಆದರೆ ಒಂದೊಂದೇ ಹನಿ ಹಾಕಿ, ಪ್ರತಿ ಸಲ ಮೂಸಿ ನೋಡಿ. 40% ಆಲ್ಕೋಹಾಲ್ ಇರುವ ಹಳೇ ವಿಸ್ಕಿಗೆ ಎರಡು ಹನಿ ಜಾಸ್ತಿಯಾದರೂ ತೆಳುವಾಗಿಬಿಡಬಹುದು, ಮತ್ತೆ ತೆಗೆಯಲು ಆಗಲ್ಲ ಅಲ್ವಾ?

ಒಂದೇ ದಿನ ಖಾಲಿ ಮಾಡಬೇಕಿಲ್ಲ. ಆದರೆ ಬಾಟಲಿ ಮುಕ್ಕಾಲು ಖಾಲಿಯಾದ ಮೇಲೆ ಒಳಗಿನ ಗಾಳಿ ರುಚಿಯನ್ನು ಮಂಕು ಮಾಡುತ್ತಾ ಹೋಗುತ್ತದೆ. ಬಂದಿರದವರ ಪಾಲನ್ನು ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ ಇಡಿ. ನಾನು 100 ಮಿಲಿ ತಂಗಿಗೆ ಅಂತ ಹೀಗೆ ಎತ್ತಿಟ್ಟೆ, ಈ ಸಲ ನಿಲ್ಲಿಸಿಯೇ.

ಇನ್ನೊಂದು. ಗ್ಲಾಸನ್ನು ರಾತ್ರಿಯೇ ತೊಳೆಯಬೇಡಿ. ಆಲ್ಕೋಹಾಲ್ ಪೂರ್ತಿ ಆರಿಹೋದ ಮೇಲೆ ಬೆಳಿಗ್ಗೆ ಆ ಒಣ ಗ್ಲಾಸನ್ನು ಮೂಸಿದರೆ ಮರ, ಜೇನು, ಒಮ್ಮೊಮ್ಮೆ ತುಸು ಹೊಗೆ, ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ನನ್ನದನ್ನು ಎರಡು ದಿನ ತೊಳೆಯಲಿಲ್ಲ.