ಹೊಸ ಆಂಪ್ಲಿಫೈಯರ್ ಬೇಕಾ? ಮೊದಲು ಸೋಫಾ ಜರುಗಿಸಿ

ಹಾಡು ಕೇಳುವ ಹುಚ್ಚು ಇರುವವರ ಮನೆಗೆ ಹೋದರೆ ಕೇಳಿಬರುವ ದೂರುಗಳಲ್ಲಿ ಹೊಸತೇನೂ ಇರುವುದಿಲ್ಲ. ಮೃದಂಗದ ಎಡಭಾಗ ಗುಂಯ್ ಅನ್ನುತ್ತದೆ, ಗಾಯಕಿಯ ದನಿ ಕಿವಿಗೆ ಚುಚ್ಚುತ್ತದೆ, ಸಾಹಿತ್ಯ ಸ್ಪಷ್ಟ ಕೇಳಿಸುವುದಿಲ್ಲ. ಅದಕ್ಕೆ ಹೊಸ ಆಂಪ್ಲಿಫೈಯರ್ ಬರುತ್ತದೆ. ಆಮೇಲೆ ಹೊಸ ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ. ಅದಾದ ಮೇಲೆ ಬೆರಳು ದಪ್ಪದ ಕೇಬಲ್. ಒಂದು ವಾರ ಖುಷಿ, ಮತ್ತೆ ಹಳೇ ರಾಗ.

ತಪ್ಪು ಹೆಚ್ಚಾಗಿ ಕೋಣೆಯದು. ನಮ್ಮ ಫ್ಲ್ಯಾಟುಗಳ ಕೋಣೆ ಹೇಗಿರುತ್ತದೆ ನೋಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆ, ಒಂದು ಕಡೆ ಗಾಜಿನ ಸ್ಲೈಡಿಂಗ್ ಬಾಗಿಲು. ಸದ್ದನ್ನು ಹೀರುವ ಮೆತ್ತನೆಯ ವಸ್ತು ಅಂತ ಇರುವುದು ಸೋಫಾ ಮಾತ್ರ. ಇಂಥ ಕಡೆ 30 ಸಾವಿರದ ಆಂಪ್‌ಗೂ ಒಂದೂವರೆ ಲಕ್ಷದ ಆಂಪ್‌ಗೂ ಇರುವ ಸಣ್ಣ ವ್ಯತ್ಯಾಸ ಗೋಡೆಯ ಗದ್ದಲದಲ್ಲೇ ಮುಳುಗಿಹೋಗುತ್ತದೆ. ದುಡ್ಡು ಕೊಟ್ಟವರಿಗೆ ವ್ಯತ್ಯಾಸ ಕೇಳಿಸಲೇಬೇಕಲ್ವಾ? ಕೇಳಿಸದಿದ್ದರೆ ಇನ್ನೂ ದುಬಾರಿಯದಕ್ಕೆ ಕೈ ಹಾಕುತ್ತಾರೆ. ಆದ್ದರಿಂದ ಕೆಳಗಿನ ಕೆಲಸ ಮುಗಿಯುವವರೆಗೆ ಅಂಗಡಿ ಕಡೆ ತಲೆ ಹಾಕಬೇಡಿ.

ಮೊದಲು ಚಪ್ಪಾಳೆ

ಕೇಳಲು ಕೂರುವ ಜಾಗದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಟಪ್ ಎಂದು ನಿಂತರೆ ಸರಿ. ಹಿಂದೆಯೇ ಪಾರಿವಾಳ ರೆಕ್ಕೆ ಬಡಿದಂತೆ 'ಟರ್ರ್' ಎಂದರೆ ಎದುರುಬದುರಿನ ಬೋಳು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ಯಾವ ಗೋಡೆಗಳು ಎಂದು ಗುರುತು ಹಾಕಿಕೊಳ್ಳಿ.

ಸ್ಪೀಕರ್ ಮತ್ತು ಕುರ್ಚಿ: ಎಲ್ಲರೂ ಎಡವುವುದು ಇಲ್ಲೇ

ಈ ಹಂತಕ್ಕೆ ಒಂದು ರೂಪಾಯಿಯೂ ಬೇಡ. ಅದಕ್ಕೇ ಇರಬೇಕು, ಯಾರೂ ಮಾಡುವುದಿಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೆ ಮೀಸಲಿಡಿ. ಅಳತೆ ಟೇಪು, ಮಾಸ್ಕಿಂಗ್ ಟೇಪು, ತಾಳ್ಮೆ ಇರುವ ಒಬ್ಬ ಸ್ನೇಹಿತ ಇದ್ದರೆ ಸಾಕು.

ಮೊದಲು ಸ್ವಲ್ಪ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 343ನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ, ಕೋಣೆ ತಾನೇ ಗುಂಯ್ ಅನ್ನುವ ಸ್ವರ ಸಿಗುತ್ತದೆ. 12 ಅಡಿ, ಅಂದರೆ 3.66 ಮೀಟರ್ ಉದ್ದಕ್ಕೆ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಬರುತ್ತದೆ. 10 ಅಡಿ ಅಗಲಕ್ಕೆ 56. ಚಾವಣಿಯೂ 10 ಅಡಿ ಎತ್ತರದಲ್ಲಿದ್ದರೆ ಅದೇ 56ರ ಕಾಟ ಇನ್ನೂ ಜಾಸ್ತಿ. ಬಾಸ್ ಗಿಟಾರಿನ ಎ ತಂತಿಯನ್ನು ಸುಮ್ನೆ ಮೀಟಿದರೆ 55 ಹರ್ಟ್ಸ್. ಆ ಸ್ವರ ಬಂದಾಗಲೆಲ್ಲ ಕೋಣೆಯೂ ದನಿಗೂಡಿಸುತ್ತದೆ, ಬೇರೆ ಸ್ವರಕ್ಕೆ ಸುಮ್ಮನಿರುತ್ತದೆ. 'ಈ ಸ್ಪೀಕರಿನ ಬಾಸ್ ಹಿಡಿತದಲ್ಲಿಲ್ಲ' ಎಂದು ಒಳ್ಳೆಯ ಸ್ಪೀಕರನ್ನು ಅರ್ಧ ಬೆಲೆಗೆ ಮಾರಿದವರನ್ನು ನೋಡಿದ್ದೇನೆ. ಕೊಂಡವರ ಮನೆಯಲ್ಲಿ ಅದೇ ಸ್ಪೀಕರ್ ಚೆನ್ನಾಗಿ ಹಾಡುತ್ತಿದೆ.

ಈ ಬಾಸ್, ಅಂದರೆ ತಗ್ಗಿನ ಸ್ವರ, ಗೋಡೆಯ ಬಳಿ ಉಬ್ಬುತ್ತದೆ. ಕೋಣೆಯ ನಟ್ಟನಡುವೆ 47 ಹರ್ಟ್ಸ್ ಹೆಚ್ಚುಕಡಿಮೆ ಮಾಯವಾಗುತ್ತದೆ. ಹಾಗಾಗಿ ಗೋಡೆಗೆ ಒತ್ತಿದ ಸೋಫಾವೂ ಬೇಡ, ನಟ್ಟನಡುವೆಯೂ ಬೇಡ. ನಿಮ್ಮ ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು, ಅಂದರೆ 12 ಅಡಿಯ ಕೋಣೆಯಲ್ಲಿ ಸುಮಾರು ನಾಲ್ಕೂವರೆ ಅಡಿ ಮುಂದೆ ಕಿವಿ ಇರುವಂತೆ ಕುರ್ಚಿ ಹಾಕಿ. ಇದು ಶುರು ಮಾಡುವ ಜಾಗ, ಶಾಸನವಲ್ಲ. ಮನೆಯವರು ಗೊಣಗುತ್ತಾರೆ. ಕೇಳುವಾಗ ಮಾತ್ರ ಮುಂದೆ ಎಳೆದುಕೊಳ್ಳುವ ಹಗುರ ಕುರ್ಚಿ ಇಟ್ಟುಕೊಳ್ಳಿ.

ಈಗ ಸ್ಪೀಕರ್. ಮೂಲೆಯಿಂದ ಈಚೆ ತನ್ನಿ. ಟಿವಿ ಯೂನಿಟ್ಟಿನ ಖಾನೆಯೊಳಗೆ ತುರುಕಬೇಡಿ. ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್, ಕಿವಿಯ ಎತ್ತರಕ್ಕೆ ಬರಲಿ. ಸ್ಪೀಕರಿನ ಹಿಂದಿನ ಗೋಡೆಯಿಂದ ಎರಡೂವರೆ ಅಡಿ, ಪಕ್ಕದ ಗೋಡೆಯಿಂದ 2 ಅಡಿ, ಎರಡರ ನಡುವೆ 6 ಅಡಿ. ಹಿಂದಿನ ದೂರ, ಪಕ್ಕದ ದೂರ ಎರಡೂ ಸಮ ಇರಬಾರದು. ಗೋಡೆಗೆ ಬಡಿದು ವಾಪಸಾದ ಬಾಸ್ ನೇರ ಬರುವ ಬಾಸನ್ನು ಒಂದು ಸ್ವರದಲ್ಲಿ ಕತ್ತರಿಸುತ್ತದೆ, 2 ಅಡಿಗೆ ಅದು ಸುಮಾರು 140 ಹರ್ಟ್ಸ್. ದೂರ ಸಮವಾದರೆ ಎರಡು ಗೋಡೆಯೂ ಒಂದೇ ಸ್ವರಕ್ಕೆ ಕತ್ತರಿ ಹಾಕುತ್ತವೆ, ದನಿ ಪೀಚಾಗುತ್ತದೆ.

ಇನ್ನು ಕಿವಿಯ ಕೆಲಸ. ಚೆನ್ನಾಗಿ ಗೊತ್ತಿರುವ ಒಂದು ಕಛೇರಿಯ ರೆಕಾರ್ಡಿಂಗ್ ಹಾಕಿ, ಮೃದಂಗದ ತನಿ ಆವರ್ತನದಿಂದ ಶುರು ಮಾಡಿ. ಎರಡೂ ಸ್ಪೀಕರುಗಳನ್ನು ಎರಡೆರಡು ಇಂಚು ಮುಂದೆ ತರಲು ಸ್ನೇಹಿತನಿಗೆ ಹೇಳಿ. ಎಡಗೈ ಪೆಟ್ಟು ಬಿದ್ದು, ಉಬ್ಬಿ, ಇಳಿಯುವುದು ಕೇಳುವ ಜಾಗ ಒಂದು ಸಿಗುತ್ತದೆ. ಅದಕ್ಕೆ ಮೊದಲು ಬರೀ ಗುಂಯ್, ದಾಟಿದ ಮೇಲೆ ಬರೀ ಟಕ್. ಅಲ್ಲೇ ನೆಲಕ್ಕೆ ಟೇಪು ಅಂಟಿಸಿ. ಆಮೇಲೆ ಹಾಡಿಕೆ. ಸ್ಪೀಕರ್ ಮುಖವನ್ನು ನಿಮ್ಮ ಭುಜದ ಕಡೆ ತಿರುಗಿಸಿ. ದನಿ ಎರಡರ ನಡುವೆ ಗಟ್ಟಿಯಾಗಿ ನಿಲ್ಲಬೇಕು. ಒಂದು ಕಡೆ ವಾಲಿದರೆ ಮೂಗಿನಿಂದ ಎರಡೂ ಟ್ವೀಟರಿಗೆ ಅಳತೆ ಹಿಡಿದು ನೋಡಿ, ದೂರ ಹೆಚ್ಚುಕಮ್ಮಿ ಆಗಿರುತ್ತದೆ.

ಕನ್ನಡಿ ಹಿಡಿಯಿರಿ

ನೀವು ಕೂತಿರಿ. ಸ್ನೇಹಿತ ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತಾ ಹೋಗಲಿ. ಸ್ಪೀಕರ್ ಕಂಡ ಕಡೆ ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುತ್ತಿದೆ. ಅಲ್ಲಿಗೆ ಸದ್ದು ಹೀರುವ ಪ್ಯಾನೆಲ್ ಬೇಕು.

ಇಂಟರ್‌ನೆಟ್ಟಿನಲ್ಲಿ ಸಿಗುವ ಒಂದಿಂಚಿನ ಫೋಮ್ ಚೌಕಗಳನ್ನು ದಯವಿಟ್ಟು ಕೊಳ್ಳಬೇಡಿ. ಅವು ಮೇಲಿನ ಸ್ವರಗಳನ್ನಷ್ಟೇ ನುಂಗುತ್ತವೆ, ಗುಂಯ್ ಹಾಗೇ ಉಳಿಯುತ್ತದೆ, ತಂಬೂರಿಯ ಜೀವ ಹೋಗುತ್ತದೆ. ಮೊಟ್ಟೆ ಟ್ರೇ, ಥರ್ಮಾಕೋಲ್ ಇನ್ನೂ ದಂಡ. ಎಸಿ ಡಕ್ಟ್ ಕೆಲಸದವರಿಗೆ ಮಾರುವ ಅಂಗಡಿಯಲ್ಲಿ ರಾಕ್‌ವುಲ್, ಅಂದರೆ ಕಲ್ಲಿನ ನಾರಿನ ಹಲಗೆ, ಸಿಗುತ್ತದೆ. 48 ಡೆನ್ಸಿಟಿಯದು ಕೇಳಿ. ಬಡಗಿಯಿಂದ 4 ಅಡಿಗೆ 2 ಅಡಿಯ ಚೌಕಟ್ಟು ಮಾಡಿಸಿ, 4 ಇಂಚು ದಪ್ಪಕ್ಕೆ ತುಂಬಿ, ಮೇಲೆ ಬಟ್ಟೆ ಎಳೆಸಿ. ಕೈಗವಸು, ಮಾಸ್ಕ್ ಮರೆಯಬೇಡಿ. ಬಡಗಿ 'ಸಾರ್, ರೆಕ್ಸಿನ್ ಹಾಕಿದ್ರೆ ಲುಕ್ ಬರತ್ತೆ' ಅನ್ನುತ್ತಾನೆ, ಒಪ್ಪಬೇಡಿ. ರೆಕ್ಸಿನ್ ಸದ್ದನ್ನು ಮತ್ತೆ ವಾಪಸ್ ಕಳಿಸುತ್ತದೆ. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು, ಅದೇ ಪರೀಕ್ಷೆ. ಬಾಡಿಗೆ ಮನೆಯಾದರೆ ಕಾಲು ಕೊಟ್ಟು ನಿಲ್ಲಿಸಿ, ಮೊಳೆ ಬೇಡ.

ಇದರ ಹಿಂದಿನ ವಿದ್ಯೆ ಹಳೆಯದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡಲು ಹೊರಟ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರವಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ನೀವು ದಿಂಬು ಹೊರುವುದು ಬೇಕಿಲ್ಲ. ನೆಲಕ್ಕೆ ಜಮಖಾನ, ಗಾಜಿಗೆ ದಪ್ಪ ಕರ್ಟನ್, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸಾಕು. ನವಲಗುಂದದ ಜಮಖಾನ ಚೆಂದ, ಆದರೆ ತೆಳು. ಕೆಳಗೆ ಒಂದು ಕಂಬಳಿ ಮಡಚಿ ಹಾಕಿ.

ಕಡೆಗೆ ಸಾಫ್ಟ್‌ವೇರ್

ಇಷ್ಟವಿದ್ದವರು ಅಳತೆಯ ಮೈಕ್ ತಂದು, ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಗ್ರಾಫ್ ನೋಡಬಹುದು. ಉಬ್ಬಿದ್ದನ್ನು ಇಕ್ವಲೈಜರಿನಲ್ಲಿ ತಗ್ಗಿಸಿ. ಹಳ್ಳ ತುಂಬಲು ಹೋಗಬೇಡಿ. ಕೋಣೆ ಕತ್ತರಿಸಿದ ಬಾಸನ್ನು ಎಷ್ಟು ಏರಿಸಿದರೂ ಕೋಣೆ ಮತ್ತೆ ಕತ್ತರಿಸುತ್ತದೆ, ಆಂಪ್ ಸುಮ್ನೆ ಬಿಸಿಯಾಗುತ್ತದೆ.

ಇಷ್ಟಾದ ಮೇಲೆ ಒಂದು ತಿಂಗಳು ಏನನ್ನೂ ಕೊಳ್ಳದೆ ಹಾಡು ಕೇಳಿ. ಬಹಳ ಮಂದಿಯ ತುರಿಕೆ ಅಲ್ಲಿಗೆ ನಿಲ್ಲುತ್ತದೆ. ಕೆಲವರಿಗೆ ಉಲ್ಟಾ. ಕೋಣೆ ತಿಳಿಯಾದ ಮೇಲೆ ಸ್ಪೀಕರಿನ ನಿಜವಾದ ಕೊರತೆ ಕೇಳಲು ಶುರುವಾಗುತ್ತದೆ. ಅವರು ಧಾರಾಳವಾಗಿ ಕೊಳ್ಳಲಿ, ಆದರೆ ಮೊದಲು ಸ್ಪೀಕರ್, ಆಮೇಲೆ ಆಂಪ್. ಕೇಬಲ್ ಬೇಡವೇ ಬೇಡ. ಅಂಗಡಿಯ ಡೆಮೋ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿ ಕೇಳುತ್ತದೆ, ಆ ಕೋಣೆ ನಿಮ್ಮ ಜೊತೆ ಮನೆಗೆ ಬರುವುದಿಲ್ಲ. ಎರಡು ದಿನ ಮನೆಯಲ್ಲಿಟ್ಟು ಕೇಳಲು ಕೊಡುತ್ತಾರಾ ಎಂದು ವಿಚಾರಿಸಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ.