ಸಿಲಿಕೋನ್ ಅನ್ನನಾಳ ಲ್ಯಾಬಲ್ಲೇ ಮಾಡೋದು ಹೇಗೆ

ನುಂಗೋಕೆ ಕಷ್ಟ ಇರೋರಿಗೆ ಆಹಾರ ಎಷ್ಟು ಗಟ್ಟಿ ಇರಬೇಕು, ಅನ್ನನಾಳಕ್ಕೆ ಹಾಕಿದ ಸ್ಟೆಂಟ್ ಯಾಕೆ ಕೆಳಗೆ ಜಾರುತ್ತೆ, ಇದನ್ನೆಲ್ಲ ಪೇಷಂಟ್‌ಗಳ ಮೇಲೆ ಪದೇ ಪದೇ ಟೆಸ್ಟ್ ಮಾಡೋಕಾಗಲ್ಲ, ಅದಕ್ಕೇ ನ್ಯೂಜಿಲೆಂಡ್‌ನ ಆಕ್ಲೆಂಡ್ ಯೂನಿವರ್ಸಿಟಿಯಲ್ಲಿ ಸಿಲಿಕೋನ್‌ನಿಂದ ನುಂಗೋ ರೋಬೋಟ್ ಕಟ್ಟಿದ್ರು, ಆಮೇಲೆ ಜಠರಾನೂ ಮಾಡಿದ್ರು. ಅದರ ಚಿಕ್ಕ ರೂಪಾನ ಒಂದು 3ಡಿ ಪ್ರಿಂಟರ್ ಇದ್ರೆ ಕಾಲೇಜ್ ಲ್ಯಾಬಲ್ಲೇ ಮಾಡಬಹುದು.

ಸುಮಾರು ಜನ ನೋಡೋಕೆ ಥೇಟ್ ಅನ್ನನಾಳದ ಥರಾನೇ ಇರಲಿ ಅಂತ ಆಕಾರಕ್ಕೇ ಟೈಮ್ ಹಾಕ್ತಾರೆ. ಬೇಕಾಗಿರೋದು ಅದಲ್ಲ, ಒಳಗೆ ಮೇಲಿಂದ ಕೆಳಗೆ ಇಳಿಯೋ ಒತ್ತಡದ ಅಲೆ. ನಮ್ಮ ದೇಹದಲ್ಲಿ ಅದು ಸೆಕೆಂಡಿಗೆ ಸುಮಾರು 2ರಿಂದ 4 ಸೆಂ.ಮೀ. ಇಳಿಯುತ್ತೆ, ಅದು ಸರಿ ಬಂದ್ರೆ ಹೊರಗಡೆ ಬರೀ ಪೈಪ್ ಥರ ಕಂಡ್ರೂ ಪರವಾಗಿಲ್ಲ.

ಪಿಎಲ್ಎ ಅನ್ನೋ 3ಡಿ ಪ್ರಿಂಟರ್ ಪ್ಲಾಸ್ಟಿಕ್‌ನಲ್ಲಿ ಅಚ್ಚು ಪ್ರಿಂಟ್ ಮಾಡಿ, ಮಧ್ಯದ ರಾಡ್ 20 ಮಿ.ಮೀ. ದಪ್ಪ, ಸುತ್ತ 2 ಸೆಂ.ಮೀ.ಗೊಂದು ಗಾಳಿ ತುಂಬೋ ಟೊಳ್ಳು ಉಂಗುರ, ಆರು ಉಂಗುರ ಸಾಕು. ಒಳಗಿನ ಗೋಡೆ ತೆಳ್ಳಗೆ, ಹೊರಗಿನದ್ದು ದಪ್ಪ ಇರಲಿ, ಅದರ ಮೇಲೆ ಬಟ್ಟೆ ಸುತ್ತಿ, ಇಲ್ಲಾಂದ್ರೆ ಗಾಳಿ ಬಿಟ್ಟಾಗ ಒಳಗೆ ಹಿಂಡೋ ಬದಲು ಹೊರಗೆ ಬಲೂನ್ ಥರ ಊದಿಕೊಳ್ಳುತ್ತೆ. ಇಕೋಫ್ಲೆಕ್ಸ್ 00-30 ಅನ್ನೋ ಮೆತ್ತನೆ ಸಿಲಿಕೋನ್ ತಗೊಂಡ್ರೆ ಅದರ ಎ, ಬಿ ಅನ್ನೋ ಎರಡು ಭಾಗಗಳನ್ನೂ ಸಮ ಸಮ ಕಲಸಿ, ಸುಮಾರು 45 ನಿಮಿಷದೊಳಗೆ ಸುರಿದುಬಿಡಿ, ನಾಲ್ಕು ಗಂಟೆ ಬಿಟ್ರೆ ಗಟ್ಟಿ ಆಗುತ್ತೆ. ಲ್ಯಾಟೆಕ್ಸ್ ಗ್ಲೌಸ್ ಮಾತ್ರ ಹಾಕಲೇಬೇಡಿ, ಅದರಲ್ಲಿರೋ ಗಂಧಕ ತಾಗಿದ ಕಡೆ ಸಿಲಿಕೋನ್ ಗಟ್ಟಿ ಆಗದೆ ಅಂಟಂಟಾಗೇ ಉಳಿಯುತ್ತೆ. ನೈಟ್ರೈಲ್ ಹಾಕ್ಕೊಳ್ಳಿ.

ಈಗ ಮುಖ್ಯವಾದ ಭಾಗ, ವಾಲ್ವ್ ಟೈಮಿಂಗ್. ಪ್ರತಿ ಉಂಗುರಕ್ಕೂ ಮೂರು ಪೋರ್ಟ್ ಇರೋ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ರೆ ದಾರಿ ಬದಲಾಯಿಸೋ ವಾಲ್ವ್) ಬೇಕು, ಗಾಳಿ ಒಳಗೆ ಹೋಗಬೇಕು, ಆಮೇಲೆ ತಾನಾಗೇ ಹೊರಗೂ ಬರಬೇಕು. ವಾಲ್ವ್‌ಗಳನ್ನ ಓಡಿಸೋ ಆರ್ಡುಇನೋ (ಚಿಕ್ಕ ಕಂಟ್ರೋಲರ್ ಬೋರ್ಡ್) ಪಿನ್‌ಗೆ ನೇರವಾಗಿ ವಾಲ್ವ್ ಕೊಡಬೇಡಿ, ಮಧ್ಯೆ ಸ್ವಿಚ್ ಥರ ಕೆಲಸ ಮಾಡೋ ಮಾಸ್‌ಫೆಟ್, ಕರೆಂಟ್ ವಾಪಸ್ ಹೊಡೀದ ಹಾಗೆ ಕಾಪಾಡೋ ಡಯೋಡ್ ಇರಲಿ. ಸೆಕೆಂಡಿಗೆ 3 ಸೆಂ.ಮೀ. ಅಂದ್ರೆ ಉಂಗುರದಿಂದ ಉಂಗುರಕ್ಕೆ ಸುಮಾರು 0.7 ಸೆಕೆಂಡ್. ಎರಡನೇದು ಹಿಂಡುವಾಗ ಒಂದನೇದು ಇನ್ನೂ ಮುಚ್ಚೇ ಇರಬೇಕು, ಮೂರನೇದು ಶುರುವಾದಾಗ ಮಾತ್ರ ಒಂದನೇದನ್ನ ಬಿಡಿ, ಬೇಗ ಬಿಟ್ರೆ ತುತ್ತು ವಾಪಸ್ ಮೇಲಕ್ಕೆ ಬರುತ್ತೆ. 10 ಕಿಲೋಪ್ಯಾಸ್ಕಲ್‌ನಿಂದ ಶುರು ಮಾಡಿ ಮೆಲ್ಲಗೆ ಏರಿಸಿ.

ಗಾಳಿ ಲೈನ್‌ನಲ್ಲಿ ತೋರಿಸೋ ಒತ್ತಡವೇ ಒಳಗೂ ಇದೆ ಅಂತ ಅಂದ್ಕೋಬೇಡಿ, ಸಿಲಿಕೋನ್ ಎಳೆಯೋಕೇ ಅದರಲ್ಲಿ ಸ್ವಲ್ಪ ಖರ್ಚಾಗುತ್ತೆ. ನೀರು ತುಂಬಿದ ಸಣ್ಣ ಬಲೂನ್ ಒಂದನ್ನ ಟ್ಯೂಬ್ ಒಳಗಿಟ್ಟು ಎಂಪಿಎಕ್ಸ್5050 ಥರದ ಒತ್ತಡ ಅಳೆಯೋ ಸೆನ್ಸರ್‌ಗೆ ಕನೆಕ್ಟ್ ಮಾಡಿ ಅಳೀರಿ. ಆರೋಗ್ಯವಂತರ ಅನ್ನನಾಳದ ಕೆಳಭಾಗದಲ್ಲಿ ಸಾಮಾನ್ಯವಾಗಿ 30ರಿಂದ 180 ಎಂಎಂ ಪಾದರಸದಷ್ಟು ಬರುತ್ತೆ, ಒಂದು ಕಿಲೋಪ್ಯಾಸ್ಕಲ್ ಅಂದ್ರೆ 7.5 ಎಂಎಂ.

ತುತ್ತಿಗೆ ಗಂಟಿಲ್ಲದ ರಾಗಿ ಗಂಜಿ ಚೆನ್ನಾಗಿ ಆಗುತ್ತೆ, ಆದ್ರೆ ಎಷ್ಟು ಗಟ್ಟಿ ಅಂತ ಬರೆದಿಡಬೇಕಲ್ಲ, ಅದಕ್ಕೆ ಐಡಿಡಿಎಸ್‌ಐ (ನುಂಗೋಕೆ ಕಷ್ಟ ಇರೋರ ಆಹಾರ ಎಷ್ಟು ಗಟ್ಟಿ ಅಂತ ಲೆವೆಲ್ ಹೇಳೋ ಅಂತರರಾಷ್ಟ್ರೀಯ ಪದ್ಧತಿ) ಸಿರಿಂಜ್ ಟೆಸ್ಟ್ ಇದೆ: 10 ಎಂಎಲ್ ಸಿರಿಂಜ್ ತುಂಬಿ, 10 ಸೆಕೆಂಡ್ ಹರಿಯೋಕೆ ಬಿಟ್ಟು, ಎಷ್ಟು ಉಳೀತು ನೋಡಿ. 1ರಿಂದ 4 ಎಂಎಲ್ ಉಳಿದ್ರೆ ಲೆವೆಲ್ 1, 4ರಿಂದ 8 ಉಳಿದ್ರೆ ಲೆವೆಲ್ 2. ಸಿರಿಂಜ್‌ನಲ್ಲಿ ಸೊನ್ನೆಯಿಂದ 10ರ ಗೆರೆವರೆಗೆ 61.5 ಮಿ.ಮೀ. ಇರಬೇಕು, ಬೇರೆ ಅಳತೆ ಇದ್ರೆ ಲೆವೆಲ್ಲೇ ತಪ್ಪಾಗುತ್ತೆ.

ಮೊದಲು ಟ್ಯೂಬನ್ನ ಅಡ್ಡಡ್ಡ ಮಲಗಿಸಿಯೇ ಓಡಿಸಿ. ನೆಟ್ಟಗೆ ನಿಲ್ಲಿಸಿದ್ರೆ ಗಂಜಿ ತನ್ನ ಭಾರಕ್ಕೇ ಇಳಿದುಬಿಡುತ್ತೆ, ಅಲೆ ಕೆಲಸ ಮಾಡ್ತಿದೆಯೋ ಇಲ್ವೋ ಗೊತ್ತೇ ಆಗಲ್ಲ. ಇದರ ರಿಸಲ್ಟ್ ನೋಡಿ ಮನೇಲಿರೋ ಪೇಷಂಟ್ ಊಟ ಮಾತ್ರ ದಯವಿಟ್ಟು ಬದಲಾಯಿಸಬೇಡಿ, ಸ್ಟ್ರೋಕ್ ಆದೋರಲ್ಲಿ ನುಂಗೋ ತೊಂದರೆ ಹೆಚ್ಚಾಗಿ ಗಂಟಲ ಹತ್ರಾನೇ ಇರುತ್ತೆ, ಈ ಮಾಡೆಲ್‌ನಲ್ಲಿ ಆ ಭಾಗ ಇಲ್ಲ.

ಇದು ಸರಿ ಹೋದ್ಮೇಲೆ ಜಠರ ಟ್ರೈ ಮಾಡಿ, ಅಲ್ಲಿ ಅಲೆ ನಿಮಿಷಕ್ಕೆ ಸುಮಾರು ಮೂರೇ ಬರೋದು, ವಾಲ್ವ್‌ಗಳಿಗೆ ಅಷ್ಟು ಅವಸರ ಇರಲ್ಲ, ಆದ್ರೆ ಕೊನೇ ಕಡೆ ಉಂಗುರಗಳು ಚಿಕ್ಕದಾಗ್ತಾ ಹೋಗಬೇಕು.