ಕಿಟಕಿ ಇದ್ದರೆ ಸಾಲದು, ತರಗತಿಯಲ್ಲಿ ಗಾಳಿ ಆಡಬೇಕು

ಮಧ್ಯಾಹ್ನದ ಪಾಠಕ್ಕೆ ಮಕ್ಕಳು ತೂಕಡಿಸಿದರೆ ಬೈಗುಳ ಬೀಳುವುದು ಮಕ್ಕಳಿಗೇ. ಕೋಣೆಯ ಗಾಳಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಇರುತ್ತದೆ, ಅಂದರೆ 420 ಪಿಪಿಎಂ. ನಾವು ಬಿಡುವ ಉಸಿರಿನಲ್ಲಿ ಅದು ಶೇ 4ರ ಹತ್ತಿರ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 40 ಮಕ್ಕಳನ್ನು ಕೂರಿಸಿ, ಸಂದುಗೊಂದಿನಲ್ಲೂ ಗಾಳಿ ಸುಳಿಯದಂತೆ ಮುಚ್ಚಿದರೆ ಕಾಲು ಗಂಟೆಯಲ್ಲೇ ಅಂಕಿ 1,400ರ ಆಸುಪಾಸಿಗೆ ಏರುತ್ತದೆ. ಈ ಮಟ್ಟದಲ್ಲಿ ಆ ಅನಿಲವೇನೂ ವಿಷವಲ್ಲ. ಒಬ್ಬರ ಎದೆಯಿಂದ ಬಂದ ಗಾಳಿಯನ್ನೇ ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ದಡಾರ, ಕ್ಷಯ, ಫ್ಲೂ, ಕೋವಿಡ್ ಹರಡುವುದೂ ಈ ಹಂಚಿಕೊಂಡ ಉಸಿರಿನಲ್ಲೇ. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಇಂಗಾಲದ ಡೈಆಕ್ಸೈಡನ್ನು ಅಳತೆಗೋಲಾಗಿ ಬಳಸಿ, ಕೋಣೆಯೊಳಗೆ 1,000 ಪಿಪಿಎಂ ಮೀರಬಾರದು ಎಂದಿದ್ದರು. ಇಂದಿಗೂ ಅದು ಒಳ್ಳೆಯ ಗುರಿಯೇ.

ಮೊದಲು ಮೂಗು, ಆಮೇಲೆ ಕಾಗದದ ಪಟ್ಟಿ

ಪಾಠ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ ಹೊರಗಿನಿಂದ ನೇರವಾಗಿ ತರಗತಿಗೆ ಹೋಗಿ. ಮುಗ್ಗಲು ವಾಸನೆ ಬಂದರೆ ಗಾಳಿ ಸಾಲದು ಎಂದೇ ಅರ್ಥ. ಒಳಗೇ ಕೂತವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಮೂಗು ಅಷ್ಟು ಹೊತ್ತಿಗೆ ಅದಕ್ಕೆ ಒಗ್ಗಿಹೋಗಿರುತ್ತದೆ.

ನಂತರ ಒಂದು ತೆಳು ಕಾಗದದ ಪಟ್ಟಿಯನ್ನು ಪ್ರತಿ ಕಿಟಕಿ, ಬಾಗಿಲು, ವೆಂಟಿಲೇಟರ್ ಬಳಿ ಇಳಿಬಿಟ್ಟು ನೋಡಿ. ಒಳಕ್ಕೆ ವಾಲಿದರೆ ಅಲ್ಲಿಂದ ಗಾಳಿ ಬರುತ್ತಿದೆ, ಹೊರಕ್ಕೆ ವಾಲಿದರೆ ಅಲ್ಲಿಂದ ಹೋಗುತ್ತಿದೆ. ಎಲ್ಲ ಕಡೆಯೂ ಪಟ್ಟಿ ಅಲುಗದೆ ನಿಂತರೆ ಕಿಟಕಿ ತೆರೆದಿದ್ದರೂ ಗಾಳಿ ಹೆಚ್ಚು ಬದಲಾಗುತ್ತಿಲ್ಲ. ಗಾಳಿ ಸರಾಗವಾಗಿ ಆಡಬೇಕಾದರೆ ಅದಕ್ಕೆ ಬರಲೊಂದು ದಾರಿ, ಹೋಗಲೊಂದು ದಾರಿ ಎರಡೂ ಬೇಕು. ಒಂದೇ ಗೋಡೆಯ ಮೂರು ಕಿಟಕಿಗಿಂತ ಎದುರುಬದುರು ಗೋಡೆಯ ಎರಡು ಕಿಟಕಿ ಮೇಲು. ಎದುರು ಗೋಡೆಯಲ್ಲಿ ಕಿಟಕಿಯಿಲ್ಲದಿದ್ದರೆ ಕಾರಿಡಾರ್ ಕಡೆಯ ಬಾಗಿಲನ್ನಾದರೂ ತೆರೆದಿಡಿ. ಬಿಸಿಗಾಳಿ ಮೇಲೇರುವುದರಿಂದ ಸೂರಿನಡಿಯ ವೆಂಟಿಲೇಟರ್ ಬಹಳ ಕೆಲಸದ್ದು. ಅದಕ್ಕೆ ರಟ್ಟು ಬಡಿದು ಮುಚ್ಚಿದ್ದರೆ ಮೊದಲು ಅದನ್ನು ಕಿತ್ತುಹಾಕಿ.

ಹಾಗೆಯೇ ಕಿಟಕಿಗೆ ಅಡ್ಡ ನಿಂತ ಬೀರು, ತುಕ್ಕು ಹಿಡಿದ ಚಿಲಕ, ಧೂಳು ಮೆತ್ತಿ ಕಣ್ಣೆಲ್ಲ ಕಟ್ಟಿಕೊಂಡ ಸೊಳ್ಳೆ ಪರದೆ ಇವನ್ನೂ ನೋಡಿಕೊಳ್ಳಿ. ಬೋರ್ಡಿನ ಮೇಲೆ ಬಿಸಿಲು ಹೊಳೆಯುತ್ತದೆಂದು ಮುಚ್ಚಿದ ಕಿಟಕಿ ಸಾಮಾನ್ಯವಾಗಿ ವರ್ಷವಿಡೀ ಮುಚ್ಚಿಯೇ ಇರುತ್ತದೆ. ಅಲ್ಲಿ ಕಿಟಕಿ ಮುಚ್ಚುವ ಬದಲು ಬೋರ್ಡನ್ನೇ ಸ್ಥಳಾಂತರಿಸುವುದು ಒಳ್ಳೆಯದು.

ಮೀಟರ್ ಇಟ್ಟು ಅಳೆಯಿರಿ

ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಒಂದನ್ನು ಶಾಲೆಗೆಲ್ಲ ಸೇರಿ ಕೊಂಡರೂ ಸಾಕು. ಎನ್‌ಡಿಐಆರ್ ಸೆನ್ಸರ್ (ಅವಕೆಂಪು ಬೆಳಕಿನಿಂದ ಆ ಅನಿಲವನ್ನೇ ಅಳೆಯುವ ಸಾಧನ) ಇರುವುದನ್ನೇ ಆರಿಸಿ. ಬೇರೆ ಅನಿಲಗಳನ್ನು ನೋಡಿ ಅಂದಾಜು ಹೇಳುವ ಅಗ್ಗದ ಮೀಟರ್‌ಗಳನ್ನು ನಂಬಲಾಗದು. ಮೊದಲು ಬಯಲಿನಲ್ಲಿಟ್ಟು 420ರ ಆಸುಪಾಸು ತೋರಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ತರಗತಿಯಲ್ಲಿ ಕೂತ ಮಕ್ಕಳ ತಲೆಯ ಎತ್ತರಕ್ಕೆ, ಕಿಟಕಿಯಿಂದಲೂ ಯಾರದೇ ಮೂಗಿನಿಂದಲೂ ದೂರ ಇಡಿ. ಪಾಠದ ಕೊನೆಯ ಅಂಕಿಯನ್ನು ಬರೆದುಕೊಳ್ಳಿ.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಎಲ್ಲರೂ ಹೊರಹೋದ ಮೇಲೆ, ಪಾಠದ ವೇಳೆ ಕಿಟಕಿ ಬಾಗಿಲು ಹೇಗಿದ್ದವೋ ಹಾಗೆಯೇ ಬಿಟ್ಟು, ಅಂಕಿ ಇಳಿಯುವುದನ್ನು ಗಮನಿಸಿ. ಆಗ 2,020 ಇತ್ತು ಎನ್ನೋಣ. ಹೊರಗಿನ 420 ಕಳೆದರೆ 1,600 ಹೆಚ್ಚುವರಿ. ಇದು ಶೇ 37ಕ್ಕೆ, ಅಂದರೆ ಸುಮಾರು 590ಕ್ಕೆ, ಇಳಿಯಲು ಬೇಕಾದ ಹೊತ್ತೇ ಒಂದು ಬಾರಿ ಗಾಳಿ ಬದಲಾಗುವ ಹೊತ್ತು. ಮೀಟರ್ 1,010 (420 + 590) ತೋರಿಸಲು 20 ನಿಮಿಷ ಹಿಡಿದರೆ ಆ ಕೋಣೆಯಲ್ಲಿ ಗಾಳಿ ಗಂಟೆಗೆ ಮೂರು ಸಲ ಬದಲಾಗುತ್ತಿದೆ.

ಅದು ಸಾಕೇ? ವಾಸದ ಮನೆ, ಆಸ್ಪತ್ರೆ ಬಿಟ್ಟು ಉಳಿದ ಕಟ್ಟಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕನಿಷ್ಠ ಪ್ರಮಾಣ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. ಮೇಲೆ ಹೇಳಿದ 144 ಘನ ಮೀಟರ್ ಕೋಣೆಯಲ್ಲಿ 40 ಮಕ್ಕಳಿದ್ದರೆ ಅದು ಗಂಟೆಗೆ 1,440 ಘನ ಮೀಟರ್, ಅಂದರೆ ಹತ್ತು ಸಲದ ಬದಲಾವಣೆ. ಮೂರು ಏತಕ್ಕೂ ಸಾಲದು. ಅದೇ ಕೋಣೆಯಲ್ಲಿ 20 ಮಕ್ಕಳಿದ್ದರೆ ಐದು ಸಲ ಸಾಕಾದೀತು. ತರಗತಿಯಲ್ಲಿ ಮಕ್ಕಳನ್ನು ಕಿಕ್ಕಿರಿದು ತುಂಬಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಫ್ಯಾನ್ ತಿರುಗಿದ ಮಾತ್ರಕ್ಕೆ ಗಾಳಿ ಬದಲಾಗದು

ಸೀಲಿಂಗ್ ಫ್ಯಾನ್ ಕೋಣೆಯೊಳಗಿನ ಗಾಳಿಯನ್ನೇ ಕಲಕುತ್ತದೆ. ಬೆವರು ಆರುತ್ತದೆ, ಹೊಸ ಗಾಳಿ ಬರುವುದಿಲ್ಲ. ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿಯೂ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮರಳಿ ಬಿಡುತ್ತದೆ, ಜೊತೆಗೆ ಎಲ್ಲರ ಕೈಯಲ್ಲೂ ಕಿಟಕಿ ಮುಚ್ಚಿಸುತ್ತದೆ. ಕಿಟಕಿಗಳಿಂದ ಆಗದಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಆದರೆ ಅದರ ಪಕ್ಕದ ಕಿಟಕಿ ತೆರೆದಿದ್ದರೆ ಅಲ್ಲಿಂದ ಬಂದ ಗಾಳಿ ಅಲ್ಲಿಂದಲೇ ಹೋಗಿಬಿಡುತ್ತದೆ, ಹಿಂದಿನ ಬೆಂಚಿಗೆ ಏನೂ ತಲುಪದು. ಫ್ಯಾನ್ ಪಕ್ಕದ್ದನ್ನು ಮುಚ್ಚಿ, ಎದುರಿನದನ್ನು ತೆರೆಯಿರಿ. ಶೌಚಾಲಯ ಮತ್ತು ಪ್ರಯೋಗಾಲಯದ ಎಕ್ಸಾಸ್ಟ್ ಗಾಳಿ ತರಗತಿ ಅಥವಾ ಕಾರಿಡಾರ್ ಕಡೆಗೆ ಬೀಳದಂತೆ ನೋಡಿಕೊಳ್ಳಿ.

ರಸ್ತೆಯ ಹೊಗೆ ಒಳನುಗ್ಗುವ ಶಾಲೆಗಳ ಕಷ್ಟ ನಿಜವಾದದ್ದು. ಸಾಧ್ಯವಾದಷ್ಟು ರಸ್ತೆಗೆ ಬೆನ್ನು ಹಾಕಿದ ಕಿಟಕಿಗಳನ್ನು ಬಳಸಿ, ವಾಹನ ದಟ್ಟಣೆ ಇಳಿದ ಹೊತ್ತಿನಲ್ಲಿ ಎಲ್ಲವನ್ನೂ ತೆರೆಯಿರಿ. ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಧೂಳನ್ನೂ ವೈರಾಣು ಹೊತ್ತ ಸೂಕ್ಷ್ಮ ಕಣಗಳನ್ನೂ ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡ್ ಅದಕ್ಕೆ ಸಿಗುವುದಿಲ್ಲ, ಹಾಗಾಗಿ ಕಿಟಕಿಯನ್ನು ಅಷ್ಟಿಷ್ಟಾದರೂ ತೆರೆಯಲೇಬೇಕು. ಚಳಿಗಾಲದಲ್ಲಿ ಹಗಲಿಡೀ ಮೇಲಿನ ಕಿಟಕಿಗಳನ್ನು ತುಸುವೇ ತೆರೆದಿಟ್ಟು, ಪ್ರತಿ ಬಿಡುವಿನಲ್ಲೂ ಎಲ್ಲ ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದರೆ ಮಕ್ಕಳಿಗೆ ಚಳಿಯೂ ಹೆಚ್ಚು ತಟ್ಟದು.

ಯಾರು ತೆರೆಯಬೇಕು?

ಎಲ್ಲರ ಕೆಲಸ ಎಂದುಬಿಟ್ಟರೆ ಯಾರೂ ಮಾಡುವುದಿಲ್ಲ. ಬೆಳಿಗ್ಗೆ ಬೆಲ್ ಹೊಡೆಯುವ ಮೊದಲು ತೆರೆಯುವವರು ಯಾರು, ಬಿಡುವಿನಲ್ಲಿ ನೋಡಿಕೊಳ್ಳುವವರು ಯಾರು ಎಂದು ವೇಳಾಪಟ್ಟಿಯಲ್ಲೇ ಬರೆದು ಹಚ್ಚಿ. ದೊಡ್ಡ ತರಗತಿಯ ಮಕ್ಕಳಿಗೆ ಮೀಟರ್ ನೋಡಿ ಅಂಕಿ ಬರೆಯುವ ಕೆಲಸ ಕೊಡಿ. 1,000 ದಾಟಿದರೆ ಇನ್ನೊಂದು ಕಿಟಕಿ ತೆರೆಯಲು ಟೀಚರನ್ನು ಕೇಳದೆ ಎದ್ದು ಹೋಗುವ ಅನುಮತಿಯೂ ಅವರಿಗಿರಲಿ. ಋತು ಬದಲಾದಾಗ, ಗಾಳಿ ಬೀಸುವ ದಿಕ್ಕು ಬದಲಾದಾಗ, ಒಂದು ಕೋಣೆಗೆ ಇನ್ನೊಂದು ಸೆಕ್ಷನ್ ಸೇರಿಸಿದಾಗ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಿ.